ಗ್ರಹ ಹಿಡಿಯುವ ಮುನ್ನ ಅಳತೆಗೋಲು

ಗ್ರಹ ಸುತ್ತುವಾಗ ನಕ್ಷತ್ರವೂ ನಿಂತಲ್ಲಿ ನಿಲ್ಲುವುದಿಲ್ಲ. ಗುರುವಿನ ಸೆಳೆತಕ್ಕೆ ಸೂರ್ಯ ಸೆಕೆಂಡಿಗೆ ಸುಮಾರು 12.5 ಮೀಟರ್ ವೇಗದಲ್ಲಿ ಓಲಾಡುತ್ತಾನೆ. ಭೂಮಿಯ ಸೆಳೆತಕ್ಕೆ ಬರೀ 9 ಸೆಂಟಿಮೀಟರ್. ಈ ಓಲಾಟವನ್ನು ಅಳೆದು ದೂರದ ನಕ್ಷತ್ರಗಳ ಗ್ರಹಗಳನ್ನು ಹಿಡಿಯಬಹುದು. ನಕ್ಷತ್ರ ನಮ್ಮತ್ತ ಬಂದಾಗ ಅದರ ರೋಹಿತದ (ಬಣ್ಣಗಳಾಗಿ ಬಿಡಿಸಿದ ಬೆಳಕಿನ) ಕಪ್ಪು ಗೆರೆಗಳು ನೀಲಿಯ ಕಡೆಗೆ, ದೂರ ಸರಿದಾಗ ಕೆಂಪಿನ ಕಡೆಗೆ ಜರುಗುತ್ತವೆ. ಗುರುವಿನಂಥ ಗ್ರಹ ನಕ್ಷತ್ರಕ್ಕೆ ತೀರಾ ಹತ್ತಿರವಿದ್ದರೆ ಈ ಜರುಗುವಿಕೆಯನ್ನು ಅಳೆಯಬಹುದೆಂದು ಖಗೋಳಜ್ಞ ಒಟ್ಟೊ ಸ್ಟ್ರೂವ 1952ರಲ್ಲೇ ಬರೆದಿದ್ದರು.

ಅಡ್ಡಿಯಾದದ್ದು ಉಪಕರಣವೇ. ಚಿಲಿಯ ಹಾರ್ಪ್ಸ್ ರೋಹಿತಮಾಪಕದಲ್ಲಿ ಸೆಕೆಂಡಿಗೆ 1 ಮೀಟರ್ ವೇಗವೆಂದರೆ ಗೆರೆ ಪಿಕ್ಸೆಲ್‌ನ ಸಾವಿರದಲ್ಲೊಂದು ಭಾಗ, ಸುಮಾರು 15 ನ್ಯಾನೊಮೀಟರ್, ಸರಿದಂತೆ. ಉಷ್ಣತೆ 0.01 ಡಿಗ್ರಿ ಏರುಪೇರಾದರೂ ಅಷ್ಟೇ ಸರಿಯುತ್ತದೆ. ಹಾಗಾಗಿ ಅದನ್ನು ನಿರ್ವಾತ ತೊಟ್ಟಿಯೊಳಗೆ ಇಟ್ಟಿದ್ದಾರೆ. ಗಡಿಯಾರವೂ ಕರಾರುವಾಕ್ಕಾಗಿರಬೇಕು: ಭೂಮಿಯೊಡನೆ ನಾವು ತಿರುಗುವ ವೇಗವನ್ನು ಅಳತೆಯಿಂದ ಕಳೆಯಬೇಕು, ಸಮಭಾಜಕದ ಬಳಿ ಗಡಿಯಾರದ ಅರ್ಧ ನಿಮಿಷದ ತಪ್ಪು ವೇಗದಲ್ಲಿ ಸೆಕೆಂಡಿಗೆ 1 ಮೀಟರ್‌ವರೆಗಿನ ತಪ್ಪಾಗುತ್ತದೆ.

ಗೆರೆ ಎಷ್ಟು ಜರುಗಿತೆಂದು ತಿಳಿಯಲು, ಗೆರೆಗಳ ಜಾಗ ಮೊದಲೇ ಗೊತ್ತಿರುವ ದೀಪದ ಬೆಳಕನ್ನು ಬೇರೆಯಾಗಿ ಹಾಯಿಸಿ ಹೋಲಿಸಿದರೆ ಸಾಲದು, ಅದು ನಕ್ಷತ್ರದ ಬೆಳಕು ಬಂದಂತೆಯೇ ಉಪಕರಣದ ಸೀಳಿನೊಳಗೆ ಬರುವುದಿಲ್ಲ. ಕೆನಡಾದ ಬ್ರೂಸ್ ಕ್ಯಾಂಬೆಲ್ ಮತ್ತು ಗಾರ್ಡನ್ ವಾಕರ್ ಅಳತೆಗೋಲನ್ನೇ ನಕ್ಷತ್ರದ ಬೆಳಕಿನ ದಾರಿಯಲ್ಲಿಟ್ಟರು. ಹೈಡ್ರೋಜನ್ ಫ್ಲೋರೈಡ್ ಅನಿಲ ತುಂಬಿದ ಕೋಶ ಅದು. ಅನಿಲದ ಗೆರೆಗಳು ನಕ್ಷತ್ರದ ಗೆರೆಗಳ ಜೊತೆಯಲ್ಲೇ ಅಚ್ಚಾಗುತ್ತಿದ್ದವು. ಆದರೆ ಆ ಅನಿಲ ವಿಷ, ಮುಟ್ಟಿದ್ದನ್ನು ತಿನ್ನುತ್ತದೆ, ಅಣುಗಳು ಒಂದಕ್ಕೊಂದು ಅಂಟದಿರಲು ಕೋಶವನ್ನು 100 ಡಿಗ್ರಿಗೆ ಕಾಯಿಸಿಡಬೇಕು. ಅಷ್ಟೆಲ್ಲ ಪಡಿಪಾಟಲು ಪಟ್ಟು 1988ರಲ್ಲಿ ಗಾಮಾ ಸೀಫೈ ನಕ್ಷತ್ರದಲ್ಲಿ ಗ್ರಹದ ಸುಳಿವು ಕಂಡರು. 1992ರಲ್ಲಿ, ಇದು ನಕ್ಷತ್ರದ ಸ್ವಂತ ತಿರುಗುವಿಕೆಯೇ ಇರಬೇಕೆಂದು ಹಿಂದೆ ಸರಿದರು. 2003ರಲ್ಲಿ ಗ್ರಹ ಖಚಿತವಾಯಿತು. ಅವರ ಎಚ್ಚರಿಕೆ ತಪ್ಪಲ್ಲ. ಆದರೂ ಈ ಕಥೆಯಲ್ಲಿ ಅವರಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಕ್ಯಾಲಿಫೋರ್ನಿಯಾದ ಜೆಫ್ ಮಾರ್ಸಿ, ಪಾಲ್ ಬಟ್ಲರ್ ಆ ಅನಿಲದ ಬದಲು ಅಯೊಡಿನ್ ಆವಿ ಬಳಸಿದರು. ಮಿಷೆಲ್ ಮೇಯರ್ ಮತ್ತು ದಿದಿಯೆ ಕೆಲೊ ಫ್ರಾನ್ಸ್‌ನ ಎಲೊಡಿ ಉಪಕರಣದಲ್ಲಿ ಒಂದು ಗಾಜಿನ ಎಳೆಯಲ್ಲಿ (ಆಪ್ಟಿಕಲ್ ಫೈಬರ್) ನಕ್ಷತ್ರದ, ಪಕ್ಕದ ಎಳೆಯಲ್ಲಿ ಥೋರಿಯಂ ದೀಪದ ಬೆಳಕನ್ನು ಒಟ್ಟಿಗೇ ಹರಿಸಿದರು. 1995ರಲ್ಲಿ 51 ಪೆಗಾಸಿ ನಕ್ಷತ್ರದ ಗ್ರಹ ಸಿಕ್ಕಿತು: 4.23 ದಿನಕ್ಕೊಂದು ಸುತ್ತು, ನಕ್ಷತ್ರದ ಓಲಾಟ ಸೆಕೆಂಡಿಗೆ 59 ಮೀಟರ್. ಕಕ್ಷೆಯ ಓರೆ ಗೊತ್ತಿಲ್ಲದ್ದರಿಂದ ಗ್ರಹದ ತೂಕ 'ಕನಿಷ್ಠ ಅರ್ಧ ಗುರು' ಎಂದಷ್ಟೇ ಹೇಳಬಹುದಿತ್ತು. ಸ್ಟ್ರೂವ ಊಹಿಸಿದ್ದ ಜಾತಿಯದ್ದೇ.

ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಪಾರಸ್ ಉಪಕರಣವೂ ಇದೇ ಥೋರಿಯಂ ದೀಪದ ದಾರಿ ಹಿಡಿದು, ಮೌಂಟ್ ಅಬುವಿನ 1.2 ಮೀಟರ್ ದೂರದರ್ಶಕದಲ್ಲಿ ಸುಮಾರು 27 ಭೂಮಿ ತೂಕದ ಗ್ರಹವೊಂದನ್ನು ತೂಗಿತು. ಫಲಿತಾಂಶ ಬಂದದ್ದು 2018ರಲ್ಲಿ.

ಈಗ ತಕರಾರು ಮತ್ತೆ ನಕ್ಷತ್ರದ್ದೇ. ಮೇಲ್ಮೈಯ ಕುದಿತ ಮತ್ತು ಕಲೆಗಳೇ ಸೆಕೆಂಡಿಗೆ ಮೀಟರ್‌ಗಟ್ಟಲೆ ಸುಳ್ಳು ವೇಗ ತೋರಿಸಬಲ್ಲವು. 2012ರಲ್ಲಿ ಆಲ್ಫಾ ಸೆಂಟಾರಿ ಬಿ ಬಳಿ ಸೆಕೆಂಡಿಗೆ ಅರ್ಧ ಮೀಟರ್ ಓಲಾಟದ ಗ್ರಹ ಘೋಷಣೆಯಾಯಿತು. 2015ರಲ್ಲಿ ಅದೇ ದತ್ತಾಂಶವನ್ನು ಮತ್ತೆ ಜಾಲಾಡಿದಾಗ, ವೀಕ್ಷಣೆಗಳ ನಡುವಿನ ಖಾಲಿ ರಾತ್ರಿಗಳೇ ಆ ಲಯವನ್ನು ಹುಟ್ಟಿಸಬಲ್ಲವು ಎಂಬುದು ಕಂಡುಬಂತು.