ಇರಾನ್ ಎಣ್ಣೆ ಪಣಂಬೂರಿಗೆ ಬರುವುದು ಯಾಕೆ ನಿಂತಿತು?

ಸುರತ್ಕಲ್‌ನ ಓದುಗರೊಬ್ಬರ ಪ್ರಶ್ನೆ: "ನಮಗೂ ಇರಾನಿಗೂ ಜಗಳ ಇಲ್ಲ ಅಲ್ವಾ? ಮತ್ತೆ 2019ರಲ್ಲಿ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಂಪನಿ ಇರಾನಿನ ಕಚ್ಚಾ ತೈಲ ತರಿಸುವುದನ್ನು ಯಾಕೆ ನಿಲ್ಲಿಸಿತು? ಅಮೆರಿಕ ಹೇಳಿದರೆ ನಾವು ಕೇಳಲೇಬೇಕಾ?"

ಕೇಳಲೇಬೇಕೆಂಬ ಕಾನೂನು ಇಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹೇರಿದ ನಿರ್ಬಂಧವನ್ನು ಎಲ್ಲ ಸದಸ್ಯ ದೇಶಗಳೂ ಪಾಲಿಸಬೇಕು. ಇರಾನ್ ಎಣ್ಣೆಯ ಮೇಲಿನ ಈ ನಿರ್ಬಂಧ ಅಂಥದ್ದಲ್ಲ, ಅಮೆರಿಕ ತಾನೇ ಹೇರಿದ್ದು. ಆದರೂ ಅದು ಮಂಗಳೂರಿನ ಪಣಂಬೂರು ಬಂದರಿನವರೆಗೆ ಮುಟ್ಟುತ್ತದೆ. ಹೇಗೆ?

ಇರಾನಿನ ಖಾರ್ಗ್ ದ್ವೀಪದಲ್ಲಿ ಎಣ್ಣೆ ತುಂಬಿಸಿಕೊಂಡ ಒಂದು ಹಡಗನ್ನು ನೆನೆಸಿಕೊಳ್ಳಿ. ಅದಕ್ಕೆ ವಿಮೆ ಬೇಕು. ದುಡ್ಡು ಕಟ್ಟಲು ಬ್ಯಾಂಕ್ ಬೇಕು. ಎಣ್ಣೆ ವ್ಯಾಪಾರ ಹೆಚ್ಚಾಗಿ ನಡೆಯುವುದು ಡಾಲರ್‌ನಲ್ಲಿ. "ಇರಾನ್ ಜೊತೆ ವ್ಯವಹಾರ ಮಾಡಿದರೆ ನಮ್ಮ ಬಾಗಿಲು ನಿಮಗೆ ಮುಚ್ಚುತ್ತದೆ" ಎಂದು ಅಮೆರಿಕ ಹೇಳಿದರೆ ಸಾಕು, ಹಡಗಿನವರು, ವಿಮೆಯವರು, ಬ್ಯಾಂಕಿನವರು ತಾವಾಗಿಯೇ ಹಿಂದೆ ಸರಿಯುತ್ತಾರೆ. ಯಾರೂ ಹಡಗನ್ನು ತಡೆಯಬೇಕಾಗಿಲ್ಲ.

ಇದರ ಬಿಸಿ ಎಂಆರ್‌ಪಿಎಲ್‌ಗೆ ಮೊದಲೇ ತಟ್ಟಿತ್ತು. ಆಗ ಅದು ಇರಾನ್ ಎಣ್ಣೆಯ ದೊಡ್ಡ ಗಿರಾಕಿಗಳಲ್ಲಿ ಒಂದು. 2012ರ ಜುಲೈನಿಂದ ಯುರೋಪ್, ಇರಾನ್ ಎಣ್ಣೆ ಹೊತ್ತ ಹಡಗುಗಳಿಗೆ ವಿಮೆ ಕೊಡುವುದನ್ನು ನಿಲ್ಲಿಸಿತು. ನಮ್ಮ ಸರ್ಕಾರಿ ವಿಮಾ ಕಂಪನಿಗಳು ಮುಂದೆ ಬಂದವು. 2013ರ ಏಪ್ರಿಲ್‌ನಲ್ಲಿ ರಿಫೈನರಿಯ ವಿಮೆಗೇ ತೊಡಕಾಯಿತು. ಎಂಆರ್‌ಪಿಎಲ್ ಖರೀದಿ ನಿಲ್ಲಿಸಿ, ಆಗಸ್ಟ್‌ನಲ್ಲಿ ಮತ್ತೆ ಶುರು ಮಾಡಿತು.

ದುಡ್ಡಿಗೆ ಹುಡುಕಿದ ದಾರಿ ನನಗೆ ತುಂಬಾ ಹಿಡಿಸುತ್ತದೆ. ಎಣ್ಣೆಯ ಬೆಲೆಯಲ್ಲಿ ಶೇ 45ರಷ್ಟನ್ನು ಕೋಲ್ಕತ್ತಾದ ಯೂಕೋ ಬ್ಯಾಂಕ್‌ನಲ್ಲಿ ರೂಪಾಯಿಯಲ್ಲೇ ಕಟ್ಟಲಾಯಿತು. ಆ ರೂಪಾಯಿಯಿಂದ ಇರಾನ್ ನಮ್ಮ ಅಕ್ಕಿ, ಔಷಧಿ ಕೊಂಡಿತು. ನಮ್ಮ ಕರಾವಳಿಗೆ ಇದು ಹೊಸದಲ್ಲ. 16ನೇ ಶತಮಾನದಲ್ಲೂ ಬಸ್ರೂರು, ಮಂಗಳೂರಿನ ಅಕ್ಕಿ ಈಗಿನ ಇರಾನಿನ ಹೋರ್ಮುಜ್‌ಗೆ ಹೋಗುತ್ತಿತ್ತು.

2012ರ ನಂತರದ ಈ ಖರೀದಿ ಸುಮ್ನೆ ನಡೆಯಲಿಲ್ಲ. ಖರೀದಿ ಕಡಿಮೆ ಮಾಡುವ ದೇಶಗಳಿಗೆ ವಿನಾಯಿತಿ ಕೊಡಲು ಅಮೆರಿಕದ ಕಾನೂನಿನಲ್ಲೇ ಜಾಗವಿತ್ತು. ದೆಹಲಿ ಮಾತಾಡಿ, ಚೌಕಾಸಿ ಮಾಡಿ 2012ರ ಜೂನ್‌ನಲ್ಲಿ ಅದನ್ನು ಪಡೆಯಿತು. ರಾಜತಾಂತ್ರಿಕತೆ ಎಂದರೆ ಬಹುಪಾಲು ಇದೇ ಕೆಲಸ. 2018ರಲ್ಲಿ ಅಮೆರಿಕ ಇರಾನ್ ಜೊತೆಗಿನ ಪರಮಾಣು ಒಪ್ಪಂದದಿಂದ ಹೊರಬಂದು ಮತ್ತೆ ನಿರ್ಬಂಧ ಹೇರಿತು. ಭಾರತ ಸೇರಿ 8 ಕಡೆಗೆ ಆರು ತಿಂಗಳ ವಿನಾಯಿತಿ ಸಿಕ್ಕಿತು. 2019ರ ಮೇ 2ಕ್ಕೆ ಅದೂ ಮುಗಿಯಿತು. ಈ ಸಲ ಕಡಿಮೆ ಮಾಡಿದರೆ ಸಾಲದು, ಪೂರ್ತಿ ನಿಲ್ಲಿಸಿ ಎಂಬ ಪಟ್ಟು. ಇರಾನ್‌ಗಿಂತ ಅಮೆರಿಕದ ಜೊತೆಗಿನ ವ್ಯಾಪಾರ ನಮಗೆ ಎಷ್ಟೋ ಜಾಸ್ತಿ. ದೆಹಲಿ ಒಪ್ಪಿತು. ಅಂದರೆ ನಿಮ್ಮ ಪ್ರಶ್ನೆಗೆ ನೇರ ಉತ್ತರ: 2012ರಲ್ಲಿ ಅರ್ಧ ಕೇಳಿದೆವು, 2019ರಲ್ಲಿ ಪೂರ್ತಿ ಕೇಳಿದೆವು. ರೂಪಾಯಿಯ ದಾರಿಗಾಗಿ ಇನ್ನಷ್ಟು ಹಠ ಹಿಡಿಯಬೇಕಿತ್ತು ಎಂದೇ ನನಗನ್ನಿಸುತ್ತದೆ.

ಸಂಬಂಧವೇನೂ ಕಡಿದುಹೋಗಲಿಲ್ಲ. ಪಾಕಿಸ್ತಾನ ದಾಟದೆ ಅಫ್ಘಾನಿಸ್ತಾನ ಮುಟ್ಟಲು ನಮಗೆ ಇರಾನಿನ ಚಾಬಹಾರ್ ಬಂದರು ಬೇಕು. 2017ರಲ್ಲಿ ನಮ್ಮ ಗೋಧಿ ಆ ದಾರಿಯಲ್ಲಿ ಹೋಯಿತು. 2024ರ ಮೇನಲ್ಲಿ ಭಾರತ ಅಲ್ಲಿ 10 ವರ್ಷದ ಒಪ್ಪಂದಕ್ಕೆ ಸಹಿ ಹಾಕಿತು.

ನಮ್ಮೂರಿನಲ್ಲೂ ಈ ಸಂಬಂಧದ ಒಂದು ಗುರುತು ಇದೆ. ಆಪತ್ಕಾಲಕ್ಕೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಎಣ್ಣೆ ಹಿಡಿಸುವ ಗುಹೆಗಳನ್ನು ಬಂಡೆ ಕೊರೆದು ಮಾಡಿದ್ದಾರೆ. ಮಂಗಳೂರಿನ ಎರಡು ಗುಹೆಗಳಲ್ಲಿ ಒಂದಕ್ಕೆ 2016ರಲ್ಲಿ ಇರಾನ್ ಎಣ್ಣೆ ಬಂತು. ಇನ್ನೊಂದಕ್ಕೆ 2018ರಲ್ಲಿ ಅಬುಧಾಬಿಯದ್ದು.