ಸ್ಕೀ ಗೆರೆ ಕಂಡ ಮಾತ್ರಕ್ಕೆ ಇಳಿಯಬೇಡಿ

"ಸರ್, ಅಲ್ಲಿ ಆಗಲೇ ನಾಲ್ಕು ಜನ ಇಳಿದಿದ್ದಾರಲ್ಲ, ನಾವೂ ಹೋಗಬಹುದು ಅಲ್ವಾ?"

ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ದೊಡ್ಡ ಹಿಮ ಬಿದ್ದ ಮಾರನೆಯ ದಿನ, ನಾನು ಸ್ಕೀಗೆ ಕರೆದೊಯ್ಯುವವರಲ್ಲಿ ಈ ಪ್ರಶ್ನೆ ಕೇಳದ ಗುಂಪೇ ಇಲ್ಲ. ಆಕಾಶ ತಿಳಿಯಾಗಿರುತ್ತದೆ. ಅಫರ್ವಾಟ್ ಬೆಟ್ಟದ ಮೈಮೇಲೆ ಯಾರೋ ಇಳಿದ ಗೆರೆಗಳು ಎದ್ದು ಕಾಣುತ್ತವೆ. ಬೇಡ ಅಂದರೆ ಎಲ್ಲರ ಮುಖ ಸಪ್ಪೆಯಾಗುತ್ತದೆ. ರಜೆ ಹಾಕಿ, ದುಡ್ಡು ಸುರಿದು ಬೆಂಗಳೂರಿಂದ ಬಂದವರು, ಬೇಜಾರಾಗುವುದು ಸಹಜ. ಆದರೆ ಹೊಸ ಹಿಮ ಬಿದ್ದ ನಂತರದ ಒಂದೆರಡು ದಿನವೇ ಹಿಮಕುಸಿತದ ಅಪಾಯ ಜಾಸ್ತಿ, ಬಿಸಿಲಿದ್ದರೂ ಅಷ್ಟೇ.

ನಾಲ್ಕು ಜನ ಇಳಿದರು ಅಂದರೆ, ಅವರು ಹೋದ ಜಾಗದಲ್ಲಿ, ಆ ಹೊತ್ತಿಗೆ, ಹಿಮ ಜಾರಲಿಲ್ಲ ಅಂತ ಮಾತ್ರ. ಐದನೆಯವರಿಗೆ ಅದರಿಂದ ಯಾವ ಭರವಸೆಯೂ ಇಲ್ಲ.

ಯಾಕೆ ಅಂತ ಹಿಮದಲ್ಲಿ ಗುಂಡಿ ತೋಡಿದರೆ ಕಣ್ಣಿಗೇ ಕಾಣುತ್ತದೆ. ಗುಂಡಿಯ ಗೋಡೆಗೆ ಮೇಲಿಂದ ಕೈ ಒತ್ತುತ್ತಾ ಬನ್ನಿ. ಮೇಲಿನ ಹೊಸ ಹಿಮದಲ್ಲಿ ಮುಷ್ಟಿ ಸಲೀಸಾಗಿ ಹೋಗುತ್ತದೆ. ಕೆಳಗೆ ಗಾಳಿ ತಂದು ಒತ್ತಿದ ಪದರದಲ್ಲಿ ಒಂದೇ ಬೆರಳು ಹೋಗುತ್ತದೆ, ಕೆಲವೊಮ್ಮೆ ಪೆನ್ಸಿಲ್ ಮಾತ್ರ. ಇನ್ನೂ ಕೆಳಗೆ, ನೆಲದ ಹತ್ತಿರ, ಮತ್ತೆ ಮುಷ್ಟಿಯೇ ಹೋಗುತ್ತದೆ. ಅಲ್ಲಿನ ಹಿಮವನ್ನು ಕೈಗೆ ತಗೊಂಡರೆ ಉಂಡೆ ಕಟ್ಟುವುದಿಲ್ಲ, ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಉದುರುತ್ತದೆ. ಚಿಲ್ಲೈ ಕಲಾನ್, ಅಂದರೆ ಕಾಶ್ಮೀರದ ಕಡುಚಳಿಯ ನಲವತ್ತು ದಿನ, ಶುರುವಾಗುವ ಡಿಸೆಂಬರ್ ಕೊನೆಯಲ್ಲಿ ತೆಳುವಾಗಿ ಬಿದ್ದ ಹಿಮ ಅದು. ನೆಲ ಸುಮಾರು ಸೊನ್ನೆ ಡಿಗ್ರಿ, ಮೇಲೆ ಕೊರೆಯುವ ರಾತ್ರಿ. ನಡುವೆ ಆವಿ ಮೇಲೇರುತ್ತಾ ಹರಳುಗಳ ಹಿಡಿತ ಬಿಡಿಸಿಬಿಡುತ್ತದೆ.

ಈ ಸಡಿಲ ಹರಳುಗಳ ಮೇಲೆ ಕೂತ ಗಟ್ಟಿ ಪದರಕ್ಕೆ ಸ್ಲ್ಯಾಬ್ ಅನ್ನುತ್ತೇವೆ. ಅದು ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ದಪ್ಪ ಇದ್ದಲ್ಲಿ ನಿಮ್ಮ ಭಾರ ಕೆಳಗಿನ ಸಡಿಲ ಹರಳಿಗೆ ಅಷ್ಟಾಗಿ ತಲುಪುವುದಿಲ್ಲ. ಬಂಡೆಯ ಪಕ್ಕ, ಉಬ್ಬಿನ ಮೇಲೆ, ಅಂಚಿನಲ್ಲಿ ತೆಳು ಇರುತ್ತದೆ. ನಾಲ್ವರು ದಪ್ಪದ ಮೇಲೆ ಇಳಿದಿರುತ್ತಾರೆ. ಐದನೆಯವರು ಎರಡು ಮೀಟರ್ ಪಕ್ಕಕ್ಕೆ, ಬಂಡೆ ಸವರಿಕೊಂಡು ಹೋಗುತ್ತಾರೆ. ಬಿರುಕು ಅಲ್ಲಿ ಹುಟ್ಟಿ ಕ್ಷಣದಲ್ಲಿ ಇಡೀ ಇಳಿಜಾರಿಗೆ ಹಬ್ಬುತ್ತದೆ, ಅವರ ತಲೆಯ ಮೇಲಿನ ಹಿಮವೂ ಸೇರಿ ಹೊರಡುತ್ತದೆ. ಮೋಜಿಗೆ ಹೋಗಿ ಹಿಮಕುಸಿತಕ್ಕೆ ಬಲಿಯಾದವರ ಲೆಕ್ಕ ನೋಡಿದರೆ, ಹತ್ತರಲ್ಲಿ ಸುಮಾರು ಒಂಬತ್ತು ಸಲ ಅದನ್ನು ಕೆದಕಿದ್ದು ಅವರೇ ಅಥವಾ ಜೊತೆಯವರೇ. ಇನ್ನು ಗಾಳಿ. ಬೆಳಗ್ಗೆ ಗೆರೆ ಬಿದ್ದ ಇಳಿಜಾರಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಹೊಸ ಭಾರ ಕೂತಿರಬಹುದು.

2023ರ ಫೆಬ್ರವರಿ 1ರಂದು ಇದೇ ಅಫರ್ವಾಟ್‌ನಲ್ಲಿ ಪೋಲೆಂಡ್‌ನ ಇಬ್ಬರು ಸ್ಕೀಯರ್‌ಗಳು ಹಿಮಕುಸಿತದಲ್ಲಿ ತೀರಿಕೊಂಡರು. ಇದನ್ನು ಹೇಳಿದರೆ ನಮ್ಮವರು ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯುತ್ತಾರೆ. ಧಾರವಾಡ ಜಿಲ್ಲೆಯ ಬೆಟದೂರಿನ ಆ ಯೋಧ 2016ರಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಬದುಕಿದ್ದರು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ಅವರ ಹೆಸರು ಕೇಳಿದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಆದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೂತುಹೋದವರನ್ನು ಹದಿನೈದು ನಿಮಿಷದೊಳಗೆ ಹೊರತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿದೆ. ಅರ್ಧ ಗಂಟೆ ದಾಟಿದರೆ ಬಹಳ ಕಡಿಮೆ. ಅಷ್ಟರೊಳಗೆ ಹೊರಗಿನ ಸಹಾಯ ಸಾಮಾನ್ಯವಾಗಿ ಬರುವುದಿಲ್ಲ, ತೆಗೆಯಬೇಕಾದವರು ಪಕ್ಕದಲ್ಲಿದ್ದವರೇ.

ನಾನು ತೋಡುವ ಗುಂಡಿಯೂ ಒಂದು ಜಾಗದ ಸುದ್ದಿಯನ್ನಷ್ಟೇ ಹೇಳುತ್ತದೆ. ಹಿಮಕುಸಿತದ ಮುನ್ಸೂಚನೆ ಕೊಡುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇಯ ಎಚ್ಚರಿಕೆ ಇಡೀ ಪ್ರದೇಶದ್ದು, ನಿಮ್ಮೆದುರಿನ ಇಳಿಜಾರಿನದ್ದಲ್ಲ. ಅನುಮಾನ ಇದ್ದ ದಿನ ನಾನು ಗುಂಪನ್ನು ಮರಗಳ ಕಡೆ, 25 ಡಿಗ್ರಿಗಿಂತ ಕಡಿಮೆ ಇಳಿಜಾರಿಗೆ ಕರೆದೊಯ್ಯುತ್ತೇನೆ. ಅದರ ಮೇಲ್ಗಡೆ ಕಡಿದಾದ ಇಳಿಜಾರು ಇಲ್ಲ ಅಂತ ಮೊದಲು ನೋಡಿಕೊಳ್ಳುತ್ತೇನೆ. ಬೀಕನ್ (ಹೂತವರನ್ನು ಹುಡುಕಲು ಸಿಗ್ನಲ್ ಕೊಡುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಮೂರೂ ಇಲ್ಲದವರು ಸ್ಕೀ ಜಾಗದ ಗಡಿಗೆ ಕಟ್ಟಿದ ಹಗ್ಗದ ಆಚೆ ನನ್ನ ಜೊತೆ ಬರುವ ಹಾಗಿಲ್ಲ. ಬಾಡಿಗೆಗೆ ತಗೊಂಡರೆ, ಹಿಂದಿನ ಸಂಜೆಯೇ ಹೋಟೆಲಿನ ಅಂಗಳದಲ್ಲಿ ಒಂದು ಬೀಕನ್ ಹೂತಿಟ್ಟು ಹುಡುಕಿಸುತ್ತೇನೆ. ಚಳಿ ಅಂತ ಯಾರೂ ತಪ್ಪಿಸಿಕೊಳ್ಳುವಂತಿಲ್ಲ.