ಅಯಾನು: ಒಂದೇ ಒಂದು ಎಲೆಕ್ಟ್ರಾನಿನ ಹೆಚ್ಚುಕಡಿಮೆ

ಕೋಲಾರ, ಬಾಗೇಪಲ್ಲಿ, ಪಾವಗಡದ ಕಡೆ ಫ್ಲೋರೈಡ್ ಅನ್ನೋ ಹೆಸರು ಕೇಳದವರು ಕಡಿಮೆ. ಬೋರ್‌ವೆಲ್ ನೀರಿನ ಮಾತು ಎತ್ತಿದರೆ ಅದೂ ಬಂದೇ ಬರುತ್ತದೆ. ಆದರೆ ಫ್ಲೋರೈಡ್ ಅಂದರೆ ಏನು? ಅದೊಂದು ಅಯಾನು. ಅಯಾನು ಏನೆಂದು ತಿಳಿದರೆ ನೀರಿನ ಬಗ್ಗೆ ಇರುವ ಅರ್ಧ ಗೊಂದಲ ಕಳೆಯುತ್ತದೆ.

ಪರಮಾಣುವಿನಲ್ಲಿ ಪ್ಲಸ್ ಆವೇಶದ ಪ್ರೋಟಾನು ಎಷ್ಟೋ ಮೈನಸ್ ಆವೇಶದ ಎಲೆಕ್ಟ್ರಾನೂ ಅಷ್ಟೇ. ಪ್ಲಸ್ಸಿಗೆ ಮೈನಸ್ ಸರಿಹೋಗುತ್ತದೆ. ಒಂದು ಎಲೆಕ್ಟ್ರಾನು ಬಿಟ್ಟುಹೋದರೆ ಪ್ಲಸ್ ಜಾಸ್ತಿ, ಒಂದು ಬಂದು ಸೇರಿದರೆ ಮೈನಸ್ ಜಾಸ್ತಿ. ಹೀಗೆ ಲೆಕ್ಕ ಏರುಪೇರಾಗಿ ವಿದ್ಯುದಾವೇಶ ಪಡೆದ ಪರಮಾಣುವೇ ಅಯಾನು.

ಸೋಡಿಯಂನ 11 ಎಲೆಕ್ಟ್ರಾನುಗಳು 2, 8, 1 ಎಂದು ಕವಚಗಳಲ್ಲಿ, ಅಂದರೆ ಒಂದರ ಹೊರಗೊಂದು ಇರುವ ಪದರಗಳಲ್ಲಿ, ಹಂಚಿಕೊಂಡಿವೆ. ಹೊರಗಿನ ಆ ಒಂದನ್ನು ಅದು ಸಲೀಸಾಗಿ ಕೊಡುತ್ತದೆ. ಕ್ಲೋರಿನ್‌ನಲ್ಲಿ 2, 8, 7. ಇನ್ನೊಂದು ಸಿಕ್ಕರೆ ಹೊರಕವಚದಲ್ಲಿ ಎಂಟು ಆಗುತ್ತವೆ. ಎರಡೂ ಸೇರಿದಾಗ ಸೋಡಿಯಂನ ಎಲೆಕ್ಟ್ರಾನು ಕ್ಲೋರಿನ್‌ಗೆ ಹೋಗುತ್ತದೆ. ಪ್ಲಸ್ ಆದದ್ದು ಮೈನಸ್ ಆದದ್ದನ್ನು ಸೆಳೆಯುತ್ತದೆ. ಆ ಸೆಳೆತಕ್ಕೆ ಅಯಾನಿಕ ಬಂಧ ಎನ್ನುತ್ತಾರೆ. ಸಿಗುವುದು ನಮ್ಮ ಅಡುಗೆ ಉಪ್ಪು. ಪುಡಿ ಉಪ್ಪನ್ನು ಭೂತಗನ್ನಡಿಯಲ್ಲಿ ನೋಡಿ, ಪುಟ್ಟ ಪುಟ್ಟ ಘನಗಳು ಕಾಣುತ್ತವೆ. ಒಳಗೆ ಒಂದೊಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್ (ಎಲೆಕ್ಟ್ರಾನು ಪಡೆದ ಕ್ಲೋರಿನ್) ಅಯಾನುಗಳು ಕೂತಿರುವುದರಿಂದಲೇ ಈ ಆಕಾರ. ಬೆಂಕಿಯಲ್ಲಿ ಕರಗಿಸಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕು. ನೀರಿಗೆ ಹಾಕಿದರೆ ಮಾತ್ರ ಅಯಾನುಗಳು ಸುಲಭವಾಗಿ ಬಿಡಿಬಿಡಿಯಾಗುತ್ತವೆ.

ಪರಮಾಣುವಿಗೂ ಅಯಾನಿಗೂ ಇರುವ ಅಂತರ ಪ್ರಯೋಗಶಾಲೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಸೋಡಿಯಂ ಲೋಹವನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಟ್ಟಿರುತ್ತಾರೆ. ಮೇಷ್ಟ್ರು ಅದನ್ನು ಚಿಮುಟದಲ್ಲಿ ಎತ್ತಿ, ಎಣ್ಣೆ ಒರೆಸಿ, ಚಾಕುವಿನಿಂದ ಅಕ್ಕಿಕಾಳಿನಷ್ಟು ಕೊಯ್ದು ನೀರಿಗೆ ಬಿಡುತ್ತಾರೆ. ಅದು ಉಂಡೆಯಾಗಿ ಸುಯ್ ಎಂದು ನೀರಿನ ಮೇಲೆ ಓಡಾಡುತ್ತದೆ. ಹೈಡ್ರೋಜನ್ ಹೊರಬರುತ್ತದೆ. ಕ್ಷಾರ ಸಿಕ್ಕರೆ ಬಣ್ಣ ತೋರಿಸುವ ಫಿನಾಫ್ತಲೀನ್ ಅನ್ನು ನೀರಿಗೆ ಹಾಕಿದ್ದರೆ ಓಡಿದ ದಾರಿಯೆಲ್ಲ ಗುಲಾಬಿ ಬಣ್ಣ. ಕೊನೆಗೆ ನೀರಿನಲ್ಲಿ ಉಳಿಯುವುದು ಸೋಡಿಯಂ ಅಯಾನು. ಅದು ಮತ್ತೆ ನೀರಿನ ಜೊತೆ ಹೀಗೆ ವರ್ತಿಸುವುದಿಲ್ಲ, ಕೊಡಬೇಕಾದ ಎಲೆಕ್ಟ್ರಾನನ್ನು ಕೊಟ್ಟಾಗಿದೆ.

ಇದನ್ನು ಮಕ್ಕಳ ಕೈಗೆ ಕೊಡಲೇಬಾರದು. ಬೆರಳಿನ ಬೆವರು ತಾಗಿದರೂ ಸೋಡಿಯಂ ಚರ್ಮ ಸುಡುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಮಿಕ್ಕಿದ ತುಂಡು ಸೀಮೆಎಣ್ಣೆ ಬಾಟಲಿಗೇ ವಾಪಸ್ ಹೋಗಬೇಕು, ಸಿಂಕಿಗಲ್ಲ. ಬೆಂಕಿ ಹೊತ್ತಿಕೊಂಡರೆ ಒಣ ಮರಳು ಸುರಿಯಬೇಕು. ನೀರು ಹಾಕಿದರೆ ಅನಾಹುತ. ಆ ಗುಲಾಬಿ ನೀರು ಕೂಡ ಕ್ಷಾರ, ಮೈಮೇಲೆ ಬಿದ್ದರೆ ತಕ್ಷಣ ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ತೊಳೆಯಬೇಕು.

ಫ್ಲೋರಿನ್ ಅನಿಲ ಇನ್ನೂ ಉಗ್ರ. ಅದನ್ನು ಬೇರ್ಪಡಿಸಲು ಹೋದ ಕೆಲವು ವಿಜ್ಞಾನಿಗಳು ಪ್ರಾಣವನ್ನೇ ಕಳೆದುಕೊಂಡರು. 1886ರಲ್ಲಿ ಫ್ರಾನ್ಸಿನ ಹೆನ್ರಿ ಮೊಯ್ಸಾನ್ ಕೊನೆಗೂ ಗೆದ್ದರು. 1906ರಲ್ಲಿ ಅವರಿಗೆ ನೊಬೆಲ್ ಬಂತು. ಆ ಅನಿಲ ನಮ್ಮ ನೀರಿನಲ್ಲಿಲ್ಲ. ಇರುವುದು ಒಂದು ಎಲೆಕ್ಟ್ರಾನು ಪಡೆದ ಫ್ಲೋರೈಡ್ ಅಯಾನು. ಈ ಭಾಗದ ಗ್ರಾನೈಟ್ ಬಂಡೆಯ ಕೆಲವು ಖನಿಜಗಳಲ್ಲಿ ಅದು ಸೇರಿಕೊಂಡಿದೆ. ಆಳದ ಬೋರ್‌ವೆಲ್ ನೀರು ಬಹುಕಾಲ ಬಂಡೆಗೆ ತಾಗಿಕೊಂಡೇ ಇರುವುದರಿಂದ ಅದನ್ನು ಕರಗಿಸಿಕೊಳ್ಳುತ್ತದೆ.

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಚಿಕ್ಕಂದಿನಿಂದ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡಬಹುದು. ವರ್ಷಗಟ್ಟಲೆ ಕುಡಿದರೆ ಮೂಳೆಗೂ ತೊಂದರೆ. ಕಾರಣ ಮತ್ತೆ ಅದೇ ಸೆಳೆತ: ಹಲ್ಲು, ಮೂಳೆಗಳಲ್ಲಿ ಇರುವುದು ಎರಡು ಪ್ಲಸ್ಸಿನ ಕ್ಯಾಲ್ಸಿಯಂ ಅಯಾನು. ಫ್ಲೋರೈಡ್ ಅಲ್ಲಿ ಹೋಗಿ ನೆಲೆಯೂರುತ್ತದೆ.

ಕುದಿಸಿದರೆ ಹೋಗುತ್ತೆ ಅಲ್ವಾ ಎಂದು ಕೇಳುವವರಿದ್ದಾರೆ. ಹೋಗುವುದಿಲ್ಲ. ಕುದಿಸಿದರೆ ಸಾಯಲು ಅಯಾನು ಕ್ರಿಮಿಯಲ್ಲ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು, ಮಿಕ್ಕ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಜಾಸ್ತಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ. ಊರಿನ ಶುದ್ಧ ನೀರಿನ ಘಟಕದಲ್ಲಿ ನೀರನ್ನು ಒತ್ತಡದಿಂದ ಸೋಸುವ ಆರ್‌ಓ (ರಿವರ್ಸ್ ಆಸ್ಮೋಸಿಸ್) ಪೊರೆ ಅದನ್ನು ಬಹುಪಾಲು ತಡೆಯುತ್ತದೆ. ಆದರೆ ಅಲ್ಲಿಂದ ತಂದ ಕ್ಯಾನ್ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಂಡು ಅನ್ನ, ಸಾರಿಗೆ ಬೋರ್‌ವೆಲ್ ನೀರನ್ನೇ ಹಾಕುವ ಮನೆಗಳಿವೆ. ಅಡುಗೆಗೂ ಕ್ಯಾನ್ ನೀರೇ ಆಗಬೇಕು. ಘಟಕದಿಂದ ಹೊರಬೀಳುವ ವೇಸ್ಟ್ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಜಾಸ್ತಿ ಇರುತ್ತದೆ. ಅದನ್ನು ದನಕರುಗಳಿಗೆ ಕುಡಿಸಬೇಡಿ.